ಒಲೆಯ ಝಳ, ಮೈಯ ಝಳ

ಓದುಗ ಸೋದರಿಯರೇ, ಕಾರಣವಿಲ್ಲದೆ ಕಣ್ಣೀರು ಬಂದ ದಿನ ನಿಮಗೂ ಇರಬಹುದು. ನಾಲ್ಕು ಜನರ ಮುಂದೆ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನನ್ನ ತವರು ನರಗುಂದ, ಕೊಟ್ಟಿದ್ದು ರೋಣಕ್ಕೆ. ಇಪ್ಪತ್ತೈದು ವರ್ಷದಿಂದ ದಿನಾ ಮುಂಜಾನೆ ಜೋಳದ ರೊಟ್ಟಿ ಬಡಿಯುತ್ತ ಬಂದವಳು. ನಲವತ್ತಾರು ದಾಟಿದ ಮೇಲೆ ರೊಟ್ಟಿ ಬಡಿಯುವಾಗ ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗಿ ಬೆವರು ಇಳಿಯತೊಡಗಿತು. ಒಲೆಯ ಝಳ ಎಂದುಕೊಂಡೆ. ಆದರೆ ಮಾಗಿಯ ಚಳಿಯಲ್ಲೂ ನಡುರಾತ್ರಿ ಕೌದಿ ಒದ್ದು ಎದ್ದು ಕೂಡುವಾಗ ಒಲೆ ಎಲ್ಲಿತ್ತು? ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು.

ಮೈಯ ಕಾವನ್ನು ಹೇಗೋ ತಡೆದೇನು, ಮನಸ್ಸಿನದೇ ಕಷ್ಟವಾಯಿತು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಮಗಳು ಅಂದದ್ದಕ್ಕೆ ತಾಟು ಎತ್ತಿ ಒಗೆದೆ. ಮರುಗಳಿಗೆ ಬಚ್ಚಲಲ್ಲಿ ಕೂತು ಬಿಕ್ಕಿದೆ. "ವಯಸ್ಸಾದಂಗ ಸಿಟ್ಟು ಹೆಚ್ಚಾತು ನಿನಗ" ಅಂದರು ನಮ್ಮ ಮನೆಯವರು. ಬರಬರುತ್ತ ಸಿಟ್ಟೂ ಹೋಯಿತು, ಯಾವುದರಲ್ಲೂ ಆಸೆ ಉಳಿಯಲಿಲ್ಲ. ನಾನಿಲ್ಲದಿದ್ದರೆ ಇವರೆಲ್ಲ ಆರಾಮ ಇರುತ್ತಾರೆ ಎಂದು ಒಂದು ರಾತ್ರಿ ಅನ್ನಿಸಿತು. ಆ ಯೋಚನೆಗೆ ನಾನೇ ಹೆದರಿ ಬೆಳಗಾಗುತ್ತಲೇ ಅವರಿಗೆ ಹೇಳಿಬಿಟ್ಟೆ. ಅವತ್ತು ಅವರು ಅಂಗಡಿ ತೆಗೆಯಲಿಲ್ಲ. ನನ್ನನ್ನು ಕರಕೊಂಡು ಗದಗಿನ ಬಸ್ಸು ಹತ್ತಿದರು.

ಡಾಕ್ಟರ್ ಬಾಯಾರು ಮೊದಲು ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅವು ಕೆಟ್ಟರೂ ಮನಸ್ಸು ಕೆಡುತ್ತದಂತೆ. ಆಮೇಲೆ ಕೇಳಿದರು, "ಬಾಣಂತಿ ಇದ್ದಾಗ ಹಿಂಗ ಅಳ್ತಿದ್ರೇನ್ರಿ ಅಕ್ಕಾರ?" ನನಗೆ ಮೈ ಜುಮ್ಮೆಂದಿತು. ಎರಡನೆಯ ಬಾಣಂತನದಲ್ಲಿ, ನರಗುಂದದಲ್ಲಿ, ಎರಡು ತಿಂಗಳು ಅತ್ತಿದ್ದೆ. ಅವ್ವ ದೃಷ್ಟಿ ತೆಗೆದು ಸುಮ್ಮನಾಗಿದ್ದಳು.

ಬಾಯಾರು ತಿಳಿಸಿ ಹೇಳಿದರು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಆಗದಿದ್ದರೆ ನಿಂತಂತೆ. ಅದಕ್ಕೂ ಮುಂಚಿನ ಕೆಲವು ವರ್ಷ ಈಸ್ಟ್ರೋಜೆನ್ ಎಂಬ ಹಾರ್ಮೋನು ಒಂದೇ ಸಮನೆ ಇಳಿಯದೆ ಏರಿಳಿಯುತ್ತಿರುತ್ತದೆ. ಮನಸ್ಸು, ನಿದ್ದೆಗಳನ್ನು ಹದದಲ್ಲಿಡುವ ಸೆರೊಟೋನಿನ್ನಿಗೂ ಅದಕ್ಕೂ ನಂಟು. ಎಲ್ಲರಿಗೂ ಖಿನ್ನತೆ ಬರುವುದಿಲ್ಲ. ಹಿಂದೆ ಒಮ್ಮೆ, ಅದರಲ್ಲೂ ಬಾಣಂತನದಲ್ಲಿ, ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು.

ನನಗೆ ಖಿನ್ನತೆಯ ಮಾತ್ರೆ ಬರೆದರು. ಮೊದಲ ವಾರ ಬರೀ ಹೊಟ್ಟೆ ತೊಳಸು. ಮೂರು ವಾರ ಕಳೆದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದೆನಂತೆ. ಮಗಳು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಝಳವೂ ಇಳಿದಿತ್ತು. ಈ ಜಾತಿಯ ಕೆಲವು ಮಾತ್ರೆಗಳಿಗೆ ಆ ಗುಣವೂ ಇದೆ.

ಆರಾಮ ಆದೆನೆಂದು, ಮೇಲಾಗಿ ಓಣಿಯವರೊಬ್ಬರು "ಹುಚ್ಚರ ಗುಳಿಗಿ" ಅಂದರೆಂದು, ಒಂದು ದಿನ ತಟ್ಟನೆ ಬಿಟ್ಟೆ. ತಲೆ ತಿರುಗಿತು, ನಿದ್ದೆ ಹಾರಿತು, ಅಳು ತಿರುಗಿ ಬಂತು. ಬಿಡುವುದಿದ್ದರೆ ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪ ಇಳಿಸುತ್ತ ಬಿಡಬೇಕು, ಸೋದರಿಯರೇ.

ಇದಕ್ಕಿಂತ ದೊಡ್ಡ ತಪ್ಪೊಂದು ಸ್ವಲ್ಪದರಲ್ಲಿ ತಪ್ಪಿತು. ಗಜೇಂದ್ರಗಡಕ್ಕೆ ಕೊಟ್ಟ ನಾದಿನಿ ಬಂದಿದ್ದಳು. "ವೈನಿ, ನನಗೂ ಹಂಗ ಝಳ ಬರ್ತೈತಿ, ನಾಕು ಗುಳಿಗಿ ಕೊಡ್ರಿ" ಅಂದಳು. ಚೀಟಿಯಿಂದ ಮಾತ್ರೆ ಕತ್ತರಿಸಿಯೂ ಆಗಿತ್ತು. ಸ್ತನದ ಕ್ಯಾನ್ಸರ್ ಆಪರೇಷನ್ ಆದಾಗಿನಿಂದ ಆಕೆ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದದ್ದು ಆಗ ನೆನಪಾಯಿತು. ಬಾಯಾರಿಗೆ ಫೋನ್ ಹಚ್ಚಿದೆ. "ಕೊಡಬ್ಯಾಡ್ರಿ!" ಅಂದರು. ನನ್ನದು ಪ್ಯಾರಾಕ್ಸೆಟಿನ್. ಅದು ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಹಾರ್ಮೋನು ಮಾತ್ರೆಯೂ ಅಂಥವರಿಗೆ ಸಾಮಾನ್ಯವಾಗಿ ಸಲ್ಲದು. ಆಕೆಯ ಡಾಕ್ಟರೇ ಹೊಂದುವ ಬೇರೆ ಮಾತ್ರೆ ಬರೆದರು.

ಝಳ ಬಹಳ ಇದ್ದು ಬೇರೆ ಕಾಯಿಲೆ ಇಲ್ಲದವರಿಗೆ, 60ರ ಒಳಗೆ, ಮುಟ್ಟು ನಿಂತು 10 ವರ್ಷ ಆಗಿರದಿದ್ದರೆ, ಹಾರ್ಮೋನು ಚಿಕಿತ್ಸೆಯೇ ಒಗ್ಗಬಹುದು. ಯಾರಿಗೆ ಯಾವುದು ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ದೂರ ಹೋಗಲಾಗದವರು ತಾಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲವೆನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊನ್ನೆ ನರಗುಂದಕ್ಕೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಬಹಳ ಹೊತ್ತು ಅಕ್ಕಿ ಆರಿಸುತ್ತ ಕೂತಳು. ಕಡೆಗೆ ಅಂದಳು, "ನನಗೂ ಹಂಗ ಆಗಿತ್ತವಾ. ಯಾರಿಗೆ ಹೇಳಲಿ ಅಂತ ಸುಮ್ಮನಿದ್ದೆ."

ನನ್ನ ಮಗಳು ಹಾಗೆ ಸುಮ್ಮನಿರುವುದು ಬೇಡವೆಂದು ಆಕೆಗೂ ಎಲ್ಲ ಹೇಳಿದ್ದೇನೆ.