ಯಾವ ನುಡಿಯೊಳಗ ಹೊಡದೀರಿ?

ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದು ಲಗ್ನಸರಾಯಿ ಶುರುವಾಗಿತ್ತು. ತಂಗಿಯ ಮಗಳ ಲಗ್ನಪತ್ರಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ಅಚ್ಚು ಹಾಕಿಸಲೆಂದು ರಾಯಬಾಗದಲ್ಲಿ ಬಸ್ಸು ಹತ್ತಿದೆ. ಕಿಸೆಯಲ್ಲಿದ್ದದ್ದು ಕಾಗದವಲ್ಲ, ಪೆನ್ ಡ್ರೈವ್. ಬೀಗರು ನಿಪ್ಪಾಣಿಯವರು, ಮನೆಮಾತು ಮರಾಠಿ. ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಕನ್ನಡದ್ದನ್ನು ಮನೆಯ ಹಳೇ ಕಂಪ್ಯೂಟರಿನಲ್ಲಿ ನಾನೇ ಹೊಡೆದಿದ್ದೆ. ಸಾಹಿತಿ ಸೋದರಮಾವ ಅನ್ನಿಸಿಕೊಂಡ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಪ್ರೆಸ್ಸಿನ ಹುಡುಗ ಫೈಲು ತೆರೆದ. ಪರದೆಯ ತುಂಬ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ-ಗಳು.

‘ಕಾಕಾ, ಯಾವ ನುಡಿಯೊಳಗ ಹೊಡದೀರಿ?’

‘ಕನ್ನಡದಾಗ.’

‘ಅದು ಗೊತ್ತೈತ್ರಿ. ನುಡಿ ನಾಕೋ, ಐದೋ, ಆರೋ?’

ಅವನು ಕೇಳಿದ್ದು ಕನ್ನಡ ಹೊಡೆಯುವ ‘ನುಡಿ’ ತಂತ್ರಾಂಶದ ಆವೃತ್ತಿಯನ್ನು. ಅದರ ಫಾಂಟನ್ನು ಜೊತೆಗೆ ತರಬೇಕಿತ್ತು, ಮರೆತಿದ್ದೆ. ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ರೋಮನ್ ಲಿಪಿಯವರ 256 ಕೋಣೆಗಳಲ್ಲೇ ನಮ್ಮ ಅಕ್ಷರದ ತುಂಡುಗಳು ಬಾಡಿಗೆಗಿದ್ದವು. ಫಾಂಟಿನ ಪರದೆ ಸರಿಸಿದರೆ ಮನೆಮಾಲೀಕ ಕಾಣುತ್ತಾನೆ. ನಕಾರದ ಕೋಣೆಯಲ್ಲಿ ಬ್ರಿಟನ್ನಿನ ಪೌಂಡ್, ಪಕಾರದ್ದರಲ್ಲಿ ಜಪಾನಿನ ಯೆನ್, ‘ನಿ’ ಇದ್ದಲ್ಲಿ ಯಾವ ದೇಶದ್ದೂ ಅಲ್ಲದ ನಾಣ್ಯದ ಗುರುತು. ಹಾಗಾಗಿ ‘ನಿಪ್ಪಾಣಿ’ ಎಂಬ ಹೆಸರು ಶುರುವಾಗುವುದೇ ರೊಕ್ಕದಿಂದ. ತಂಬಾಕಿನ ಪೇಟೆಗೆ ಒಪ್ಪುವ ಹೆಸರೇ ಅನ್ನಿ.

ಸ್ವಂತ ಮನೆ ಸಿಕ್ಕಿದ್ದು ಯುನಿಕೋಡಿನಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ತೆಗೆದಿಟ್ಟಿದ್ದರು. ನಾವು ಗೃಹಪ್ರವೇಶಕ್ಕೆ ತಡ ಮಾಡಿದೆವು. ಕಾರಣ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು, ಅಂಟಿಸಿದರೆ ಸಾಲುಸಾಲು ಪ್ರಶ್ನೆಚಿಹ್ನೆ. ಆದರೂ ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಷ್ಟೋ ಪ್ರೆಸ್ಸುಗಳಲ್ಲಿ ಅದಿನ್ನೂ ಉಸಿರಾಡುತ್ತಿದೆ.

ಹಳೆಯ ಫಾಂಟಿನದನ್ನು ಯುನಿಕೋಡಿಗೆ ಒಯ್ಯುವ ಪರಿವರ್ತಕವೊಂದಕ್ಕೆ ಹುಡುಗ ಫೈಲನ್ನು ಉಣ್ಣಿಸಿದ. ಕನ್ನಡ ಮೂಡಿತು. ‘ರಫಾರ ಜಿಗದೈತಿ ನೋಡ್ರಿ’ ಅಂದ. ಅರ್ಕಾವತ್ತಿಗೆ ಅವನ ಮರಾಠಿ ಹೆಸರು ರಫಾರ. ‘ಆಶೀರ್ವಾದ’ ಇದ್ದದ್ದು ‘ಆಶೀವಾರ್ದ’ ಆಗಿತ್ತು, ‘ಕರ್ನಾಟಕ’ ‘ಕನಾರ್ಟಕ’. ಗಡಿಯಲ್ಲಿ ಆಡುವ ತಮಾಷೆಯೇ ಇದು! ಹಳೆಯ ಫಾಂಟು ಅರ್ಕಾವತ್ತನ್ನು ಕೈ ಬರೆಯುವ ಕ್ರಮದಲ್ಲಿ, ಅಕ್ಷರ ಮುಗಿದ ಮೇಲೆ ಇಡುತ್ತದೆ. ಯುನಿಕೋಡಿಗೆ ಬಾಯಿ ಆಡುವ ಕ್ರಮ ಬೇಕು, ರಕಾರ ಮೊದಲು. ಪರಿವರ್ತಕ ಅರೆಗಲಿತದ್ದಾದರೆ ರಕಾರವನ್ನು ಇದ್ದಲ್ಲೇ ಬಿಟ್ಟು ಮುಂದೆ ಹೋಗುತ್ತದೆ, ಅದು ಮುಂದಿನ ಅಕ್ಷರದ ಹೆಗಲೇರುತ್ತದೆ.

ಹಳೆಯ ಕೀಲಿಮಣೆ ತಂತ್ರಾಂಶ, ಹೊಸದು ಎರಡನ್ನೂ ಒಟ್ಟಿಗೆ ಚಾಲೂ ಇಟ್ಟರಾಯಿತು ಎನ್ನುವ ಜಾಣತನವನ್ನು ನಾನು ಮನೆಯಲ್ಲಿ ಮಾಡಿ ನೋಡಿದ್ದೆ. ಒತ್ತಿದ್ದು ಒಂದೇ ಕೀಲಿ, ಹಿಡಿಯುವವರು ಇಬ್ಬರು. ಕಾಗವಾಡದ ಸ್ಟ್ಯಾಂಡಿನಲ್ಲಿ ಮಿರಜಿಗೆ ಹೊರಟ ಟಂಟಂನವರು ಒಬ್ಬನೇ ಗಿರಾಕಿಯ ಎರಡೂ ಕೈ ಎಳೆದ ಹಾಗೆ. ಅಕ್ಷರ ಪಾಪ, ಎಲ್ಲಿಗೂ ಮುಟ್ಟಲಿಲ್ಲ.

ಪ್ರೆಸ್ಸಿನ ಮಾಲೀಕರು ಇದಕ್ಕೆ ಬೇರೆಯೇ ಉಪಾಯ ಕಂಡುಕೊಂಡಿದ್ದರು. ಮೂಲೆಯಲ್ಲಿ ಟವೆಲ್ ಹೊದಿಸಿಟ್ಟ ಡಬ್ಬಿಯಂಥ ಕಂಪ್ಯೂಟರು. ಇಂಟರ್ನೆಟ್ಟಿಲ್ಲ, ಹೊಸದೇನನ್ನೂ ಹಾಕುವಂತಿಲ್ಲ. ‘ಇದನ್ನ ತಗದ್ರ ಹಳೇ ಗಿರಾಕಿ ತಪ್ತಾರ್ರಿ’ ಅಂದರು. ಟವೆಲ್ ಸರಿಯಿತು, ನನ್ನ ಫೈಲು ಅದರಲ್ಲಿ ಒಂದು ತಲೆಕಟ್ಟೂ ಅಲುಗದೆ ತೆರೆಯಿತು. ಆದರೆ ಕಾರ್ಡಿನ ಮೇಲ್ಗಡೆಯ ಚಿತ್ರ ಹೊಸ ಕಂಪ್ಯೂಟರಿನಲ್ಲಿ! ಮತ್ತೆ ಪರಿವರ್ತಕ, ಮತ್ತೆ ಕೈತಿದ್ದುಪಡಿ. ಮರಾಠಿ ಮಗ್ಗುಲನ್ನು ಯಾರು ತಿದ್ದಿದರೋ ನಾನು ಕೇಳಲಿಲ್ಲ, ಕಡೇ ಬಸ್ಸಿನ ಹೊತ್ತಾಗಿತ್ತು.

ಲಗ್ನದ ದಿನ ಅಥಣಿಯಿಂದ ಬಂದ ಒಬ್ಬ ನಿವೃತ್ತ ಕನ್ನಡ ಸಾಲಿ ಮಾಸ್ತರರು ಅಕ್ಕಿಕಾಳು ಹಾಕಿದ ಮೇಲೆ ಪತ್ರಿಕೆಯನ್ನು ನನ್ನ ಕೈಗಿಟ್ಟರು. ‘ಆಶೀವಾರ್ದ’ದ ಸುತ್ತ ಕೆಂಪು ಶಾಯಿ. ನಾಚಿಕೆಯಿಂದ ಮಡಚಲು ಹೋದೆ. ‘ಹೊಳ್ಳಿಸಿ ನೋಡ್ರಿ’ ಅಂದರು. ಮರಾಠಿಯಲ್ಲೂ ಅದೇ ಪದಕ್ಕೆ ಒಂದು ಸುತ್ತು ಹಾಕಿದ್ದರು.