ವರದೆಯಿಂದ ಕುಮುದ್ವತಿಗೆ

ಅರಸರ ಯುದ್ಧಗಳು ಕನ್ನಡ ಜನರನ್ನು ಹೇಗೆ ಹಂಚಿದುವೆಂಬುದನ್ನು ನೆಲದ ಮೇಲೆಯೇ ಕಾಣಬೇಕೆಂದು ನಾವು ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರುಗಳನ್ನು ಸುತ್ತಿ ಬಂದೆವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. 1818ರಲ್ಲಿ ಪೇಶವೆಯ ರಾಜ್ಯವು ಅಳಿಯಿತು. ಆ ಬಳಿಕ ಒಂದೇ ನುಡಿಯ ಜನರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದುಗಳಿಗೂ ಹಲವು ಸಣ್ಣ ಸಂಸ್ಥಾನಗಳಿಗೂ ಪಾಲಾಗಿ ಉಳಿದರು.

ಶಿಗ್ಗಾಂವಿಯು ಕನಕದಾಸರ ಬಾಡವನ್ನೂ ಶರೀಫಸಾಹೇಬರ ಶಿಶುನಾಳವನ್ನೂ ಮಡಿಲಲ್ಲಿಟ್ಟುಕೊಂಡ ತಾಲೂಕು. 1819ರಲ್ಲಿ ಶರೀಫರು ಹುಟ್ಟಿದಾಗ ಈ ಸೀಮೆಗೆ ಆಗಲೇ ಕುಂಪಣಿ ಸರಕಾರ ಬಂದಿತ್ತು. ಮುಂದೆ ಮುಂಬಯಿ ಇಲಾಖೆಗೆ ಸೇರಿದ ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೆರೆಯಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಬಹುವಾಗಿ ಶ್ರಮಿಸಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಬೇಕಾಯಿತು. ಅಕ್ಷರ ಕಲಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನಮಗೆ, ಕೋಟೆಗಳ ನಷ್ಟಕ್ಕಿಂತ ಈ ನಷ್ಟವೇ ದೊಡ್ಡದೆಂದು ತೋರುತ್ತದೆ.

ಅಲ್ಲಿಂದ ಕೆಲವು ಹರದಾರಿ ಹೋದರೆ ಸವಣೂರು. ಹಿಂದೆ ಅದು ನವಾಬರ ಪ್ರತ್ಯೇಕ ಸಂಸ್ಥಾನ. 1756ರಲ್ಲಿ ಪೇಶವೆಯೂ ನಿಜಾಮನೂ ಕೂಡಿ ಮುತ್ತಿದ, 1786ರಲ್ಲಿ ಟೀಪುವು ಹಿಡಿದ ಆ ಊರು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ವೀಳೆಯದೆಲೆ ಮಾತ್ರ ಯಾವ ಅರಸು ಬಂದರೂ ಸವಣೂರಿನದೇ!

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಶಿಲ್ಪವನ್ನು ವರ್ಣಿಸಲು ಇಲ್ಲಿ ಎಡೆಯಿಲ್ಲ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆಯು ಈ ತಾಲೂಕಿಗೆ ಬರುವಷ್ಟರಲ್ಲಿ ಮೈಸೂರನ್ನು ಬಿಟ್ಟು ಮುಂಬಯಿಯನ್ನು ಹೊಕ್ಕಿರುತ್ತಿದ್ದಳು.

ಆ ಗಡಿಯ ಗುರುತು ಇಂದಿಗೂ ಉಳಿದಿರುವುದು ಹಿರೇಕೆರೂರಿನಲ್ಲಿ. ಪಕ್ಕದ ತಾಲೂಕು ಶಿಕಾರಿಪುರ. ಎರಡಕ್ಕೂ ಕುಮುದ್ವತಿಯದೇ ನೀರು. ಆದರೆ ಮಾವನು ಮೈಸೂರು ಮಹಾರಾಜರ ಪ್ರಜೆ, ಅಳಿಯನು ಆಂಗ್ಲರ ಪ್ರಜೆ. ಆಚೆ ಅಮಲ್ದಾರ, ಈಚೆ ಮಾಮಲೇದಾರ. ಆಚೆ ಶಾನುಭೋಗ, ಈಚೆ ಕುಲಕರ್ಣಿ. ಆಚೆಯವರು ಹೆಸರಿಗೆ ಮೊದಲು ಊರು, ತಂದೆಗಳ ಮೊದಲಕ್ಷರಗಳನ್ನು ಬರೆದರೆ, ಈಚೆಯವರು ಹೆಸರಿನ ಕಡೆಗೆ ಅಡ್ಡಹೆಸರನ್ನು ಹಚ್ಚುವರು. ಇಷ್ಟಾದರೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ.

ಕೊರಿಯಾದ ಜನರಿಗೆ ಈ ಭಾಗ್ಯವಿಲ್ಲ. 1945ರಲ್ಲಿ ಹೊರಗಿನ ಪ್ರಬಲ ರಾಷ್ಟ್ರಗಳು 38ನೆಯ ಅಕ್ಷಾಂಶದ ಮೇಲೆ ಗೆರೆಯೆಳೆದುವು. 1950ರಲ್ಲಿ ಹೊತ್ತಿದ ಯುದ್ಧದ ತರುವಾಯ ಆ ನಾಡಿನ ನಡುವೆ ದಾಟಲಾರದ ಬೇಲಿಯೆದ್ದಿತು. 1953ರ ಜುಲೈ 27ರಂದು ಕದನವಿರಾಮವಾಯಿತೇ ಹೊರತು ಶಾಂತಿಯ ಒಪ್ಪಂದ ಇಂದಿಗೂ ಆಗಿಲ್ಲ. ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಮಿಕ್ಕ ಸೆರೆಯಾಳುಗಳ ವ್ಯವಸ್ಥೆಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಆ ಕೊಡಗೂ ಆಗ ಬೇರೆ ರಾಜ್ಯವೇ! ಅದೇ 1953ರಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಹಿಡಿದರು. 1956ರ ನವೆಂಬರ್ 1ರಂದು ನಮ್ಮ ಗೆರೆ ಅಳಿಸಿತು. ಕೊರಿಯಾದಲ್ಲಿಯೋ, 2000ದಿಂದೀಚೆಗೆ ಅಗಲಿದ ಬಂಧುಗಳಲ್ಲಿ ಕೆಲವರು ಮಾತ್ರ, ಎರಡೂ ಸರಕಾರಗಳ ಅಪ್ಪಣೆಯಿಂದ, ಕೆಲವು ಗಂಟೆಗಳ ಮಟ್ಟಿಗೆ ಮುಖ ನೋಡಿಕೊಂಡರು. 2018ರ ಬಳಿಕ ಅದೂ ನಿಂತಿದೆ.

ಹಿರೇಕೆರೂರಿನಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ವೃದ್ಧೆ ಮಗಳ ಮನೆಗೆ ರೊಟ್ಟಿಯ ಗಂಟನ್ನು ಒಯ್ಯುತ್ತಿದ್ದಳು. ಹಳೆಯ ಗಡಿ ಎಲ್ಲಿ ಬರುತ್ತದೆಂದು ನಾವು ವಿಚಾರಿಸಿದೆವು.

“ಯಾವ ಗಡಿರೀ?” ಎಂದಳು. “ನಮ್ಮ ಮಗಳ ಊರು ಇನ್ನೂ ಮುಂದೈತಿ.”