ದಪ್ಪಗಾದ ರಾಜಕುಮಾರ

‘ಪ್ರಿನ್ಸ್ ಆಫ್ ಪರ್ಷಿಯಾ’ 1989ರ ಆಟ. ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ನೆಗೆಸಿ, ವೀಡಿಯೊ ತೆಗೆದು ರಾಜಕುಮಾರನಿಗೆ ಆ ಚುರುಕು ತಂದರಂತೆ. ನನ್ನ ಮಗನಿಗೆ ಬಾಲ್ಯದಲ್ಲಿ ಅದೇ ಹುಚ್ಚು. ಅವನು ದೂರದೂರಿಗೆ ಹೋದಮೇಲೆ ಸಂಜೆ ಹೊತ್ತು ಆಡುವವಳು ನಾನು.

ಹೊಸ ಕಂಪ್ಯೂಟರಿನಲ್ಲಿ ನೋಡಿದರೆ, ಸಪೂರ ರಾಜಕುಮಾರ ಮದುವೆಯೂಟ ಉಂಡವನಂತೆ ದಪ್ಪಗಾಗಿದ್ದ! “ಹಳೇದು, ಬಿಟ್ಹಾಕಮ್ಮ” ಎಂದ ಮಗ ಫೋನಿನಲ್ಲಿ. ಬಿಡಲು ಮನಸ್ಸಾಗಲಿಲ್ಲ.

ಕಾರಣ ಸರಳ. ಅಂದಿನ ಪರದೆಯ ಅಗಲ-ಎತ್ತರ 4:3, ಇಂದಿನದು 16:9. ಹಳೆಯ ಚಿತ್ರವನ್ನು ಅಡ್ಡಕ್ಕೆ ಎಳೆದು ಹಿಗ್ಗಿಸುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ‘ಆಸ್ಪೆಕ್ಟ್ ರೇಷಿಯೊ’ ಉಳಿಸುವ ಆಯ್ಕೆ ಒತ್ತಿದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂತು. ನಡುವೆ ಅದೇ ಸಪೂರ ಹುಡುಗ.

ಮಕ್ಕಳು ಹೋದ ಮನೆಯಲ್ಲೂ ಹಾಗೇ ನೋಡಿ. ಖಾಲಿಯಾದ ಜಾಗಕ್ಕೆಲ್ಲ ನಮ್ಮನ್ನು ಎಳೆದು ಹಿಗ್ಗಿಸಿಕೊಳ್ಳಬೇಕಾಗಿಲ್ಲ.